ಮಾವನ ಹೋಮ್‌ಸ್ಟೇಗೆ ನಾನೇ ಹಾಕ್ಸಿದ ಸುಳ್ಳು ರಿವ್ಯೂ ಸಿಕ್ಕಿಬಿತ್ತು, ಪಿಆರ್ (ಸಾರ್ವಜನಿಕ ಸಂಪರ್ಕ) ಅಂದ್ರೆ ಇದೇನಾ ಅಕ್ಕಾ?

ಪ್ರಶ್ನೆ: ಅಕ್ಕಾ ನಮಸ್ಕಾರ. ನಾನು ಶಿರಸಿ ಕಡೆಯವಳು, ಬಿಎ ಫೈನಲ್ ಇಯರ್, ಜರ್ನಲಿಸಂ ಒಂದು ಸಬ್ಜೆಕ್ಟು. ಯಾಣದ ರಸ್ತೆ ಬದಿ ನನ್ನ ಸೋದರಮಾವ ತೋಟದ ಮನೇಲಿ ಹೋಮ್‌ಸ್ಟೇ ಮಾಡಿದ್ದಾರೆ, ನಾಲ್ಕು ರೂಮು, ಅದರ ಇನ್‌ಸ್ಟಾ ಪೇಜು ನೋಡ್ಕೊಳ್ಳೋದು ನಾನೇ. ಪೇಜಲ್ಲಿ ಉಂಚಳ್ಳಿ ಜಲಪಾತದ ಫೋಟೋ ಹಾಕಿ "ನಮ್ಮನೆಗೆ ಬಂದ್ರೆ ಇದು ನಿಮ್ಮದು" ಅಂತ ಬರ್ದಿದ್ದೆ. ಜುಲೈಯಲ್ಲಿ ಬೆಂಗಳೂರಿಂದ ಒಂದು ಫ್ಯಾಮಿಲಿ ಬಂದ್ರು, ಎರಡು ದಿನ ಕರೆಂಟಿಲ್ಲ, ಹಾಸಿಗೆ ತಂಡಿ ವಾಸನೆ, ಮಗೂಗೆ ಉಂಬಳ (ಜಿಗಣೆ) ಹತ್ತಿತು, ಜಲಪಾತ ಎಲ್ಲಿ ಅಂತ ಕೇಳಿದ್ರೆ ಒಂದೂವರೆ ಗಂಟೆ ದಾರಿ. ಗೂಗಲ್‌ನಲ್ಲಿ ಒಂದೇ ಸ್ಟಾರ್ ಕೊಟ್ಟು ಉದ್ದಕ್ಕೆ ಬರ್ದ್ರು. ಮಾವ "ನೀನು ಓದ್ತಿರೋದು ಅದನ್ನೇ ಅಲ್ದಾ, ಸರಿ ಮಾಡು" ಅಂದ್ರು. ನಾನು ಕ್ಲಾಸ್‌ಮೇಟ್ಸು ಕಸಿನ್ಸು ಸೇರಿ ಒಂಬತ್ತು ಜನರ ಹತ್ರ ಐದು ಸ್ಟಾರ್ ಹಾಕ್ಸಿದೆ. ಒಂಬತ್ತೂ ಒಂದೇ ರಾತ್ರಿ ಬಿದ್ದದ್ದನ್ನ ಯಾರೋ ಸ್ಕ್ರೀನ್‌ಶಾಟ್ ತೆಗ್ದು ಟ್ರೋಲ್ ಪೇಜಿಗೆ ಕೊಟ್ರು. ಹೆದರಿ ನಮ್ಮ ಪೇಜಲ್ಲಿ ಬಂದ ಕಾಮೆಂಟೆಲ್ಲ ಡಿಲೀಟ್ ಮಾಡಿದೆ, ಅದೂ ಸ್ಕ್ರೀನ್‌ಶಾಟ್ ಆಯ್ತು. ಈಗ ಕಾಲೇಜಲ್ಲಿ "ಪಿಆರ್ ಮತ್ತು ಸೋಶಿಯಲ್ ಮೀಡಿಯಾ: ನನ್ನ ಅನಿಸಿಕೆ" ಅಂತ ಅಸೈನ್‌ಮೆಂಟ್ ಬೇರೆ. ನಾನು ಬರ್ದ ಮೊದಲ ಸಾಲು "ಪಿಆರ್ ಅಂದ್ರೆ ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿಯೋದು". ಇದು ನಿಜಾನಾ? ಮಾವನ ಹೆಸರು ಉಳ್ಸೋದು ಹೇಗೆ? ಈ ಕೆಲ್ಸಕ್ಕೆ ಸೇರಿದ್ರೆ ಜನ್ಮಪೂರ್ತಿ ಇದನ್ನೇ ಮಾಡ್ಬೇಕಾ? ಫಾಲೋವರ್ಸ್ ಇಲ್ದೇ ಇದ್ರೆ ಕೆಲ್ಸಾನೇ ಸಿಗೂದಿಲ್ಲ ಅಂತಾರಲ್ಲ, ಹೌದಾ?

ಉತ್ತರ:

ತಂಗಿ, ನಿನ್ನ ಹೆಸರೂ ಹೋಮ್‌ಸ್ಟೇ ಹೆಸರೂ ತೆಗ್ದಿದ್ದೇನೆ, ಆ ಹೆದರಿಕೆ ಬಿಡು. ನೀನು ಅಂತಲೇ ಬರೀತೇನೆ, ನನ್ನ ಅಕ್ಕನ ಮಗಳ ವಯಸ್ಸು ನಿಂದು. ಕೇಳಿದ್ದು ನಾಲ್ಕು ಪ್ರಶ್ನೆ ಆದ್ರೂ ಒಳಗೆ ಕೊರೀತಾ ಇರೋದು ಒಂದೇ ಅನ್ನಿಸ್ತು, ನಾನು ಸುಳ್ಳು ಹೇಳಿ ಸಿಕ್ಕಿಬಿದ್ದೆ, ನಾನು ಕಲೀತಿರೋ ವಿದ್ಯೆನೇ ಇದಾ ಅಂತ. ಅದಕ್ಕೇ ಸುಣ್ಣದಿಂದ್ಲೇ ಶುರು ಮಾಡ್ತೇನೆ.

ಇಪ್ಪತ್ತೆರಡು ವರ್ಷ ಆಯ್ತು ನಾನು ಈ ಪಿಆರ್ ಕೆಲ್ಸದಲ್ಲಿ, ಹದಿನಾರು ವರ್ಷ ಬೆಂಗಳೂರು, ಆಮೇಲೆ ಅಪ್ಪಯ್ಯನಿಗೆ ಹುಷಾರಿಲ್ಲ ಅಂತ ಕುಮಟೆಗೆ ಬಂದವಳು ಇಲ್ಲೇ ಉಳಿದೆ. ನಮ್ಮಲ್ಲಿ ಸುಣ್ಣ ಬಳಿಯೋರೇ ಇಲ್ಲ ಅಂತ ನಾನು ಹೇಳಿದ್ರೆ ಅದೇ ಒಂದು ಸುಣ್ಣ ಆಗ್ತದೆ. ಇದ್ದಾರೆ, ಬೇಕಾದಷ್ಟು ಇದ್ದಾರೆ. ಈ ಕಸುಬು ಹುಟ್ಟಿದಾಗಿಂದ್ಲೂ ಸುಣ್ಣ ಬಳಿಯೋದು, ನಿಜ ಹೇಳೋದು ಎರಡೂ ಒಟ್ಟಿಗೇ ಇದೆ, ಒಬ್ಬನೇ ಮನುಷ್ಯನೊಳಗೂ ಇದೆ. ನಿನ್ನ ಸಿಲಬಸ್‌ನಲ್ಲಿ ಐವಿ ಲೀ ಹೆಸರು ಬಂದಿರ್ತದೆ ನೋಡು, ಈ ಕಸುಬಿನ ಮೊದಲಿಗರಲ್ಲಿ ಒಬ್ಬ. 1906ರ ಅಕ್ಟೋಬರ್ 28ಕ್ಕೆ ಅಮೆರಿಕದ ಅಟ್ಲಾಂಟಿಕ್ ಸಿಟಿ ಹತ್ರ ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿಯ ರೈಲು ಸೇತುವೆ ಮೇಲಿಂದ ನೀರಿಗೆ ಬಿದ್ದು ಐವತ್ತಕ್ಕೂ ಹೆಚ್ಚು ಜನ ಹೋದ್ರು. ಆಗಿನ ರೈಲು ಕಂಪನಿಗಳ ಕ್ರಮ ಅಂದ್ರೆ ಬಾಯಿ ಮುಚ್ಕೊಂಡಿರೋದು, ರಿಪೋರ್ಟರ್‌ಗಳನ್ನ ಹತ್ರ ಬಿಡದೇ ಇರೋದು. ಈ ಲೀ ಮೊದ್ಲು ಪತ್ರಕರ್ತ ಆಗಿದ್ದವ, ಕಂಪನಿಯವ್ರನ್ನ ಒಪ್ಸಿ ಏನಾಯ್ತು ಅಂತ ತಾವೇ ಬರ್ದು ಪೇಪರ್‌ಗೆ ಕೊಡ್ಸಿದ, ರಿಪೋರ್ಟರ್‌ಗಳನ್ನ ಜಾಗಕ್ಕೂ ಕರೆಸಿದ. ಪ್ರೆಸ್ ನೋಟಿನ ಚರಿತ್ರೆ ಅಲ್ಲಿಂದ ಶುರು ಅಂತ ನಮಗೆಲ್ಲ ಪಾಠ ಮಾಡ್ತಾರೆ. ಅದೇ ಲೀ 1914ರಲ್ಲಿ ಕೊಲರಾಡೋದ ಲಡ್ಲೋ ಅನ್ನೋಲ್ಲಿ ಮುಷ್ಕರ ಮಾಡ್ತಿದ್ದ ಗಣಿ ಕಾರ್ಮಿಕರ ಬಿಡಾರಕ್ಕೆ ದಾಳಿ ಆಗಿ ಹೆಂಗಸ್ರು ಮಕ್ಕಳು ಸತ್ತ ಮೇಲೆ ಗಣಿಯ ಮಾಲೀಕ ರಾಕ್‌ಫೆಲರ್ ಪರವಾಗಿ ಬರ್ದು "ಪಾಯ್ಸನ್ ಐವಿ" ಅಂತ ಹೆಸರು ತಗೊಂಡ. ಪಾಯ್ಸನ್ ಐವಿ ಅಂದ್ರೆ ಮುಟ್ಟಿದ್ರೆ ಮೈಯೆಲ್ಲ ತುರಿಸೋ ಬಳ್ಳಿ, ನಮ್ಮ ತುರಚೆ ಗಿಡದ ಅಣ್ಣ ಅಂತ ಇಟ್ಕೋ.

ಇನ್ನೊಬ್ಬ ಎಡ್ವರ್ಡ್ ಬರ್ನೇಸ್, ಅವ್ನೂ ಅಮೆರಿಕದ ಪಿಆರ್‌ನವ. 1929ರ ಈಸ್ಟರ್ ದಿನ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಮೆರವಣಿಗೆ ನಡುವೆ ಕೆಲವು ಯುವತಿಯರು ಸಿಗರೇಟ್ ಹಚ್ಚಿದ್ರು, ಸ್ವಾತಂತ್ರ್ಯದ ಪಂಜು ಅಂತ ಪೇಪರಲ್ಲೆಲ್ಲ ಸುದ್ದಿ. ಅವರು ತಾವಾಗೇ ಬಂದೋರು ಅಂತ ಜನ ತಿಳ್ಕೊಂಡ್ರು, ಹಿಂದೆ ಇದ್ದದ್ದು ಸಿಗರೇಟ್ ಕಂಪನಿ ದುಡ್ಡು, ಬರ್ನೇಸ್‌ನ ಪ್ಲಾನು. ಈಗ ನಿನ್ನ ಒಂಬತ್ತು ರಿವ್ಯೂ ತಗೋ. ಒಂಬತ್ತು ಬೇರೆ ಬೇರೆ ಗೆಸ್ಟು ತಾವಾಗೇ ಬರ್ದ ಹಾಗೆ ಕಾಣ್ಬೇಕು, ಹಿಂದೆ ಇರೋದು ನೀನು. ಸುಮಾರು ನೂರು ವರ್ಷ ಹಳೇ ಉಪಾಯ, ನೀನೇ ಕಂಡುಹಿಡಿದ ಪಾಪ ಅಂತ ತಲೆ ಕೆಡ್ಸ್ಕೋಬೇಡ. ಹಾಗಂತ ಸಣ್ಣದು ಅಂತಲೂ ಅಂದ್ಕೋಬೇಡ.

ನಿನ್ನ ಹತ್ರ ಈ ಕಸುಬಿನ ಅರ್ಧ ಮಾತ್ರ ಬಂದು ಮುಟ್ಟಿದೆ ಅನ್ನಿಸ್ತದೆ ನನಗೆ. ಒಳಗಿನ ಮಾತನ್ನ ಹೊರಗೆ ಹೇಳೋದು ಅರ್ಧ. ಹೊರಗಿನವರು ಹೇಳಿದ್ದನ್ನ ಒಳಗೆ ತಗೊಂಡು ಹೋಗಿ ಯಜಮಾನನ ಎದುರು ಇಟ್ಟು "ಇದು ಬದಲಾಗ್ಬೇಕು" ಅನ್ನೋದು ಇನ್ನರ್ಧ. 1984ರಲ್ಲಿ ಗ್ರೂನಿಗ್ ಮತ್ತೆ ಹಂಟ್ ಅಂತ ಇಬ್ರು ಪಿಆರ್‌ನ ನಾಲ್ಕು ಮಾದರಿ ಮಾಡಿ ಬರ್ದಿದ್ದಾರಲ್ಲ, ಪರೀಕ್ಷೆಗೆ ಬಾಯಿಪಾಠ ಮಾಡಿರ್ತೀಯ, ಟಾಂಟಾಂ ಹೊಡೆಯೋದು, ಮಾಹಿತಿ ಕೊಡೋದು, ಜನರ ಮನಸ್ಸು ತಿಳ್ಕೊಂಡು ನಮ್ಮ ಕಡೆ ತಿರುಗ್ಸೋದು, ಕೊನೇದು ಜನ ಹೇಳಿದ್ದಕ್ಕೆ ನಾವೂ ಬದಲಾಗೋದು. ಆ ನಾಲ್ಕನೇದನ್ನ ಹತ್ತು ಮಾರ್ಕಿಗೆ ಬರ್ದು ಮರೀತೇವೆ ಎಲ್ರೂ. ಆ ಬೆಂಗಳೂರಿನ ಫ್ಯಾಮಿಲಿ ಬರ್ದ ರಿವ್ಯೂ ಇನ್ನೊಂದ್ಸಲ ಓದು. ಹಾಸಿಗೆ ತಂಡಿ, ಕರೆಂಟ್ ಇಲ್ಲ, ಉಂಬಳ, ಜಲಪಾತ ದೂರ. ನಾಲ್ಕು ಮಾತು, ನಾಲ್ಕೂ ನಿಜ, ಅದ್ರಲ್ಲಿ ಒಂದನ್ನಾದ್ರೂ ನೀನು ಮಾವನ ಹತ್ರ ತಗೊಂಡು ಹೋದ್ಯಾ? ಮಾವ "ಸರಿ ಮಾಡು" ಅಂದ್ರು, ನೀನು ಗೂಗಲ್ ಸರಿ ಮಾಡೋಕೆ ಹೋದೆ, ಹಾಸಿಗೆ ಇನ್ನೂ ತಂಡಿನೇ ಇದೆ.

ನನ್ನದೂ ಒಂದು ಹೇಳ್ಬಿಡ್ತೇನೆ, ಇಲ್ದಿದ್ರೆ ಮೇಲೆ ಕೂತು ಬುದ್ಧಿ ಹೇಳಿದ ಹಾಗಾಗ್ತದೆ. ಕೆಲ್ಸಕ್ಕೆ ಸೇರಿ ಎರಡನೇ ವರ್ಷ. ಒಂದು ತಿಂಡಿ ಪದಾರ್ಥದ ಕಂಪನಿ, ಹೆಸರು ಬೇಡ, ಪ್ಯಾಕೆಟ್ಟಲ್ಲಿ ಹುಳ ಸಿಕ್ತು ಅಂತ ಗಲಾಟೆ. ಸಂಜೆ ಐದಕ್ಕೆ ಪ್ರೆಸ್ ನೋಟ್ ಹೋಗ್ಬೇಕು. ನಾನು "ಒಂದೇ ಬ್ಯಾಚಿನ ಕೆಲವೇ ಪ್ಯಾಕೆಟ್‌ಗಳಲ್ಲಿ" ಅಂತ ಬರ್ದೆ. ಯಾರು ಹೇಳಿದ್ರು ನಂಗೆ ಒಂದೇ ಬ್ಯಾಚು ಅಂತ? ಯಾರೂ ಹೇಳಿರ್ಲಿಲ್ಲ, ಹಾಗೆ ಬರೆದ್ರೆ ಕೇಳ್ಲಿಕ್ಕೆ ಚೆನ್ನಾಗಿತ್ತು. ಫ್ಯಾಕ್ಟರಿ ಮ್ಯಾನೇಜರ್‌ಗೆ ಒಂದು ಫೋನ್ ಮಾಡಿದ್ರೆ ಎರಡು ನಿಮಿಷದ ಕೆಲ್ಸ, ಮಾಡ್ಲಿಲ್ಲ. ಏಳೂಮುಕ್ಕಾಲಿಗೆ ಒಬ್ರು ರಿಪೋರ್ಟರ್ ಫೋನ್ ಮಾಡಿ, ಸಿಟ್ಟಿಲ್ಲ ಜೋರಿಲ್ಲ, ನಿಧಾನಕ್ಕೆ ಮೂರು ಬ್ಯಾಚ್ ನಂಬರ್ ಓದಿ ಹೇಳಿದ್ರು, "ಮೇಡಂ ಇದು ಮೂರೂ ನನ್ನ ಟೇಬಲ್ ಮೇಲೇ ಇದೆ, ನೀವು ಯಾವ್ದನ್ನ ಹೇಳ್ತಿದ್ದೀರಿ?" ಅಂತ. ಮಾರನೇ ದಿನ ಹುಳದ ಸುದ್ದಿ ಸಣ್ಣ ಆಯ್ತು, ಕಂಪನಿ ಸುಳ್ಳು ಹೇಳಿದ್ದು ದೊಡ್ಡ ಹೆಡ್ಡಿಂಗ್ ಆಯ್ತು. ಇವತ್ತಿಗೂ "ಕೆಲವೇ" ಅನ್ನೋ ಪದ ಬರೆಯೋವಾಗ ಕೈ ನಿಲ್ತದೆ ನಂಗೆ.

ಸೋಶಿಯಲ್ ಮೀಡಿಯಾ ಬಂದಮೇಲೆ ಪಿಆರ್ ಪೂರಾ ಬದ್ಲಾಗಿಹೋಯ್ತು ಅಂತ ಸೆಮಿನಾರಲ್ಲೆಲ್ಲ ಹೇಳ್ತಾರೆ. ನನ್ನ ಲೆಕ್ಕದಲ್ಲಿ ಬದ್ಲಾಗಿದ್ದು ಎರಡೇ. ಒಂದು ಪುರುಸೊತ್ತು ಹೋಯ್ತು, ನನ್ನ ಆ ಸುಳ್ಳಿಗೆ ಸಂಜೆ ಐದರಿಂದ ಮಾರನೇ ಬೆಳಿಗ್ಗೆ ಪೇಪರ್ ಬರೋವರೆಗೆ ಆಯುಷ್ಯ ಇತ್ತು, ನಿನ್ನದಕ್ಕೆ ಒಂದು ರಾತ್ರಿಯೂ ಸಿಗ್ಲಿಲ್ಲ. ಇನ್ನೊಂದು, ಮೊದ್ಲು ಗಿರಾಕಿ ಬೈಯೋದು ಅಂಗಡಿಯವನ ಕಿವಿಗೆ ಮಾತ್ರ, ಈಗ ಅವ್ನು ಬೈದದ್ದೂ ಊರೆಲ್ಲ ಕೇಳ್ತದೆ, ನಾವು ಉತ್ರ ಕೊಟ್ಟದ್ದೂ ಕೇಳ್ತದೆ, ನಾವು ಉತ್ರ ಅಳಿಸಿದ್ದೂ ಕಾಣ್ತದೆ. ನೀನು ಆ ಗೆಸ್ಟಿಗೆ ರಿಪ್ಲೈ ಬರೀತೇನೆ ಅಂದ್ಕೋತೀಯ, ನಿಜವಾಗಿ ಅದನ್ನ ಓದೋರು ಮುಂದಿನ ದಸರಾ ರಜೆಗೆ ರೂಮ್ ಹುಡುಕ್ತಾ ಇರೋ ಬೇರೆ ನೂರು ಜನ.

ಈಗ ನಮ್ಮ ಕಡೆ ಎಲ್ರ ತಲೇಲೂ ಇರೋ ಕೆಲವು ತಪ್ಪು ತಿಳುವಳಿಕೆ. ಒಳ್ಳೆ ರಿವ್ಯೂ ರಾಶಿ ಬಿದ್ರೆ ಕೆಟ್ಟದ್ದು ಮುಳುಗಿಹೋಗ್ತದೆ ಅನ್ನೋದು ಒಂದು. ನೀನೇ ಒಂದು ಹೋಟೆಲ್ ಹುಡುಕೋವಾಗ ಏನು ಮಾಡ್ತೀಯ ಹೇಳು, ಸೀದಾ ಒಂದು ಸ್ಟಾರಿನದ್ದು ತೆಗ್ದು ಓದೂದಿಲ್ವಾ? ನಾನಂತೂ ಅದನ್ನೇ ಮೊದ್ಲು ಓದೋದು. "ಸೂಪರ್ ಪ್ಲೇಸ್, ಆಸಮ್ ಫುಡ್" ಅಂತ ಒಂಬತ್ತು ಇದ್ದು, ಬರ್ದೋರ ಪ್ರೊಫೈಲ್ ಒತ್ತಿದ್ರೆ ಬೇರೆ ಒಂದೂ ರಿವ್ಯೂ ಇಲ್ಲ, ಅದ್ರಲ್ಲಿ ನಾಲ್ಕರ ಸರ್‌ನೇಮ್ ಯಜಮಾನಂದೇ, ಅಂದ್ರೆ ಹೈಸ್ಕೂಲ್ ಮಕ್ಕಳಿಗೂ ಗೊತ್ತಾಗ್ತದೆ ಮಾರಾಯ್ತಿ.

ಮನೆಯವರು ಹಾಕಿದ್ರೆ ತಪ್ಪೇನು ಅನ್ನೋದು ಇನ್ನೊಂದು. ತಪ್ಪಿದೆ. ಮಾಲೀಕರ ಜತೆ ಸಂಬಂಧ ಇರೋರು ಅದನ್ನ ಮುಚ್ಚಿಟ್ಟು ಗಿರಾಕಿ ಹಾಗೆ ಹೊಗಳೋದು ಗೂಗಲ್ ರೂಲ್ಸಿಗೂ ವಿರುದ್ಧ, ನಮ್ಮ ದೇಶದ್ದೂ ಇದೆ. ಜಾಹೀರಾತು ಮಂಡಳಿ ಎಎಸ್‌ಸಿಐ 2021ರಲ್ಲೇ ಇನ್‌ಫ್ಲುಯೆನ್ಸರ್‌ಗಳು ದುಡ್ಡು ತಗೊಂಡು ಹಾಕಿದ ಪೋಸ್ಟ್ ಮೇಲೆ ಜಾಹೀರಾತು ಅಂತ ಕಾಣೋ ಹಾಗೆ ಬರೀಬೇಕು ಅಂತ ಮಾಡ್ತು, 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆಯೂ ಅದನ್ನೇ ಹೇಳ್ತು, ದುಡ್ಡು ಅಂತಲ್ಲ, ಪುಕ್ಕಟೆ ರೂಮು ಊಟ ಸಿಕ್ಕಿದ್ರೂ, ಕುಟುಂಬದ ಸಂಬಂಧ ಇದ್ರೂ ಹೇಳ್ಬೇಕು ಅಂತ. ಆನ್‌ಲೈನ್ ರಿವ್ಯೂಗೆ ಅಂತಲೇ 2022ರಲ್ಲಿ ಗುಣಮಟ್ಟ ಗೊತ್ತುಮಾಡೋ ಸರ್ಕಾರಿ ಸಂಸ್ಥೆ ಬಿಐಎಸ್ ಒಂದು ಸ್ಟ್ಯಾಂಡರ್ಡ್ ತಂದಿದೆ, ಐಎಸ್ 19000 ಅಂತ. ದಾರಿ ತಪ್ಪಿಸೋ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೇಲಿ ಹತ್ತು ಲಕ್ಷದವರೆಗೆ ದಂಡ ಹಾಕಬಹುದು, ಮತ್ತೆ ಮತ್ತೆ ಮಾಡಿದ್ರೆ ಐವತ್ತು ಲಕ್ಷ. ನಾಲ್ಕು ರೂಮಿನ ಮನೆ ಹುಡ್ಕೊಂಡು ನಾಳೆನೇ ಡೆಲ್ಲಿಯಿಂದ ಯಾರೋ ಬರ್ತಾರೆ ಅಂತ ನಾನು ಹೆದರಿಸ್ತಾ ಇಲ್ಲ. ಆದ್ರೆ ನಾಳೆ ನೀನು ಏಜೆನ್ಸಿಯಲ್ಲಿ ಕೂತಾಗ ದೊಡ್ಡ ಕ್ಲೈಂಟಿಗೆ ಇದನ್ನೇ ಮಾಡಿದ್ರೆ ಲೆಕ್ಕ ಬೇರೆ.

ಆದ್ರೆ ನನ್ನ ಕೇಳಿದ್ರೆ ನಿನ್ನ ಕೇಸಲ್ಲಿ ಮೂಲ ಒಂಬತ್ತು ರಿವ್ಯೂ ಅಲ್ಲವೇ ಅಲ್ಲ, ಆ ಉಂಚಳ್ಳಿ ಫೋಟೋ. ಉಂಚಳ್ಳಿ ಇರೋದು ಸಿದ್ದಾಪುರ ತಾಲೂಕು, ಅಘನಾಶಿನಿ ನದಿ 116 ಮೀಟರ್ ಮೇಲಿಂದ ಬೀಳೋ ಜಾಗ. "ನಮ್ಮನೆಗೆ ಬಂದ್ರೆ ಇದು ನಿಮ್ಮದು" ಅಂತ ಬರ್ದ್ರೆ ಬೆಂಗಳೂರಿನವ ಏನು ತಿಳೀತಾನೆ? ಬೆಳಿಗ್ಗೆ ಚಾ ಕುಡೀತಾ ಜಗಲಿ ಮೇಲಿಂದ ನೋಡಬಹುದು ಅಂತ. ನೀನು ಸುಳ್ಳು ಅಂತ ಒಂದು ಪದವೂ ಬರ್ದಿಲ್ಲ, ಅದೇ ಅದರ ಕಷ್ಟ, ಅಕ್ಷರ ಅಕ್ಷರ ಹಿಡಿದ್ರೆ ಸುಳ್ಳಿಲ್ಲ, ಒಟ್ಟು ಓದಿದ್ರೆ ಪೂರಾ ಸುಳ್ಳು. ಅಂಥ ಕ್ಯಾಪ್ಶನ್ ಹಾಕಿ ಕರೆಸಿದ ಮೇಲೆ ತಂಡಿ ಹಾಸಿಗೆ ಎರಡರಷ್ಟು ತಂಡಿ ಆಗ್ತದೆ. ಮಳೆಗಾಲದ ತೋಟದ ಮನೆ ಅಂತ ಗೊತ್ತಿದ್ದು ಬಂದವ್ನು ಉಂಬಳಕ್ಕೆ ನಗಾಡ್ತಾನೆ, ಜಲಪಾತ ಅಂತ ಬಂದವ್ನು ಅದನ್ನೇ ಒಂದು ಸ್ಟಾರಿನಲ್ಲಿ ಬರೀತಾನೆ.

ಈಗ ಮುಂದೇನು. ಮಾವನಿಗೆ ಈಗಾಗ್ಲೇ ಊರಿನವ್ರು ಐದಾರು ಉಪಾಯ ಹೇಳಿರ್ತಾರೆ, ಒಂದೊಂದಾಗಿ ನೋಡುವ.

ಸುಮ್ನೆ ಇದ್ದುಬಿಡೋದು. ಇದನ್ನ ಪೂರ್ತಿ ತೆಗ್ದು ಹಾಕೂದಿಲ್ಲ ನಾನು, ಯಾರೋ ಸುಳ್ಳೇ ಬರ್ದಿದ್ರೆ, ಯಾರೂ ಓದ್ದೇ ಇದ್ರೆ, ಸುಮ್ನಿರೋದೇ ಒಳ್ಳೇದು, ಉತ್ರ ಕೊಟ್ಟು ನಾವೇ ದೊಡ್ಡ ಮಾಡ್ತೇವೆ. ಟ್ರೋಲ್ ಪೇಜಿನವ್ರೂ ನಾಲ್ಕು ದಿನಕ್ಕೆ ಬೇರೆ ಬಕ್ರಾ ಹುಡುಕ್ತಾರೆ. ಆದ್ರೆ ಗೂಗಲ್ ಮ್ಯಾಪಲ್ಲಿ ಮನೆ ಹೆಸರು ಒತ್ತಿದಾಗೆಲ್ಲ ಆ ರಿವ್ಯೂ ಉತ್ರ ಇಲ್ದೇ ನಿಂತಿರ್ತದೆ, ವರ್ಷಗಟ್ಟಲೆ.

ವಕೀಲರ ನೋಟಿಸ್. ಮಾವನ ಸ್ನೇಹಿತರು ಯಾರಾದ್ರೂ ವಕೀಲರಿದ್ರೆ ಖಂಡಿತ ಹೇಳಿರ್ತಾರೆ. ಮಾನಹಾನಿಗೆ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ, ಅದ್ರಲ್ಲೇ ಸಾರ್ವಜನಿಕರ ಒಳ್ಳೇದಕ್ಕೆ ಹೇಳಿದ ಸತ್ಯಕ್ಕೆ ವಿನಾಯಿತಿನೂ ಇದೆ, ಅವ್ರು ಬರ್ದದ್ದು ನಾಲ್ಕೂ ಸತ್ಯ. ನೋಟಿಸ್ ಹೋದ ಮಾರನೇ ದಿನ ಆ ನೋಟಿಸೇ ಮುಂದಿನ ಸ್ಕ್ರೀನ್‌ಶಾಟು.

ಹೆಸರು ಬದಲಿಸಿ ಹೊಸ ಪೇಜ್ ಮಾಡೋದು. ಮನೆ ಅದೇ, ಅಂಗಳ ಅದೇ, ತುಳಸಿಕಟ್ಟೆ ಅದೇ, ಫೋಟೋದಲ್ಲಿ ಗುರುತು ಹಿಡೀದೇ ಇರ್ತಾರಾ? ಮೇಲಿಂದ ಹಳೇ ಒಳ್ಳೆ ಗೆಸ್ಟುಗಳ ನಿಜವಾದ ರಿವ್ಯೂನೂ ಕಳ್ಕೋತೀರಿ.

"ಕೆಟ್ಟ ರಿವ್ಯೂ ತೆಗ್ಸಿ ಕೊಡ್ತೇವೆ" ಅಂತ ಫೋನ್ ಮಾಡೋರು. ಇವರ ಬಗ್ಗೆ ಜೋರಾಗಿ ಹೇಳ್ಬೇಕು, ಯಾಕಂದ್ರೆ ಮಾವನಿಗೆ ಇಷ್ಟೊತ್ತಿಗೆ ಫೋನ್ ಬಂದಿರ್ತದೆ. ಗೂಗಲ್‌ನಲ್ಲಿ ರಿವ್ಯೂ ತೆಗೆಯೋಕೆ ಆಗೋದು ಇಬ್ರಿಗೆ, ಬರ್ದವ್ರಿಗೆ ಮತ್ತೆ ಗೂಗಲ್‌ಗೆ, ಗೂಗಲ್ ತೆಗೆಯೋದೂ ರೂಲ್ಸ್ ಮುರಿದಿದ್ರೆ ಮಾತ್ರ. ನಮ್ಮ ಬಗ್ಗೆ ಕೆಟ್ಟದ್ದು ಬರ್ದ್ರು ಅನ್ನೋದು ರೂಲ್ಸ್ ಮುರಿದ ಹಾಗಲ್ಲ. ಇವ್ರು ದುಡ್ಡೂ ಕೇಳ್ತಾರೆ, ಪಾಸ್‌ವರ್ಡ್ ಅಥ್ವಾ ಓನರ್ ಆ್ಯಕ್ಸೆಸ್ಸೂ ಕೇಳ್ತಾರೆ, ಕೊಟ್ಟ ಮೇಲೆ ನಿಮ್ಮ ಮನೆ ಕೀಲಿ ಅವ್ರ ಕಿಸೇಲಿ. ಹೊನ್ನಾವರ ಕಡೆ ಒಬ್ರು ಹೀಗೇ ಕೊಟ್ಟು ತಮ್ಮದೇ ಹೋಟೆಲಿನ ಫೋನ್ ನಂಬರ್ ಮ್ಯಾಪಲ್ಲಿ ಬದ್ಲಾಯಿಸ್ಲಿಕ್ಕೆ ಆಗ್ದೇ ಮೂರು ತಿಂಗ್ಳು ಒದ್ದಾಡಿದ್ದನ್ನ ನಾನೇ ನೋಡಿದ್ದೇನೆ.

ಉಳ್ದದ್ದು ಒಪ್ಕೊಂಡು ರಿಪೇರಿ ಮಾಡೋದು. ಇದಕ್ಕೂ ರಿಸ್ಕ್ ಇದೆ, ಇಲ್ಲ ಅನ್ನೂದಿಲ್ಲ. ಟ್ರೋಲ್‌ನವ್ರು ಇನ್ನೊಂದು ಸಲ ಆಡ್ಕೋಬಹುದು, ಒಂದೆರಡು ಬುಕಿಂಗ್ ಕ್ಯಾನ್ಸಲ್ ಆಗಬಹುದು, ಹಳೇ ಗೆಸ್ಟ್ ಯಾರಾದ್ರೂ ನಮಗೂ ಹಾಗೇ ಆಗಿತ್ತು ದುಡ್ಡು ವಾಪಸ್ ಕೊಡಿ ಅನ್ನಬಹುದು, ಎಲ್ಲದಕ್ಕಿಂತ ದೊಡ್ಡದು ಮಾವನ ಮರ್ಯಾದೆ ಪ್ರಶ್ನೆ, ಊರಲ್ಲಿ ನಾಲ್ಕು ಜನರ ಎದುರು ತಪ್ಪಾಯ್ತು ಅನ್ನೋದು ನಮ್ಮವ್ರಿಗೆ ಹಲ್ಲು ಕೀಳ್ಸಿದ ಹಾಗೆ. ಆದ್ರೂ ನಾನಾಗಿದ್ರೆ ಇದನ್ನೇ ಮಾಡ್ತಿದ್ದೆ.

ಮಾಡೋದಾದ್ರೆ ಕ್ರಮ ಮುಖ್ಯ. ಮೊದ್ಲು ಉಂಚಳ್ಳಿ ಫೋಟೋ ತೆಗಿ, ಇವತ್ತೇ. ಆಮೇಲೆ ಆ ಒಂಬತ್ತು ಜನರ ಹತ್ರ ಅವರವರ ರಿವ್ಯೂ ಅವರೇ ಅಳಿಸ್ಲಿಕ್ಕೆ ಹೇಳು, ನಗೋರು ನಗ್ಲಿ. ಆಮೇಲೆ ಆ ಫ್ಯಾಮಿಲಿಗೆ ಫೋನ್, ನಂಬರ್ ರಿಜಿಸ್ಟರ್‌ನಲ್ಲಿ ಇದ್ದೇ ಇರ್ತದೆ, ಮಾಡ್ಬೇಕಾದ್ದು ಮಾವ, ನೀನಲ್ಲ, ಯಜಮಾನನ ಧ್ವನಿಯಲ್ಲಿ ಕೇಳಿದ್ರೆ ಅರ್ಧ ಸಿಟ್ಟು ಇಳೀತದೆ. ಮಗು ಹೇಗಿದೆ ಅಂತ ಕೇಳ್ಲಿ, ತಪ್ಪಾಯ್ತು ಅನ್ಲಿ, ಒಂದು ದಿನದ ಬಾಡಿಗೆ ವಾಪಸ್ ಕೊಡೋದಾದ್ರೆ ಕೊಡ್ಲಿ. ಆದ್ರೆ "ರಿವ್ಯೂ ತೆಗೀರಿ, ದುಡ್ಡು ಕೊಡ್ತೇವೆ" ಅಂತ ಮಾತ್ರ ಅಪ್ಪಿತಪ್ಪಿಯೂ ಹೇಳ್ಬಾರ್ದು, ಗೂಗಲ್‌ನಲ್ಲಿ ಅದೂ ರೂಲ್ಸಿಗೆ ವಿರುದ್ಧ, ಮೇಲಿಂದ ಕಾಲ್ ರೆಕಾರ್ಡಿಂಗ್ ಕಾಲ ಇದು.

ಅದಾದ ಮೇಲೆ ರಿಪ್ಲೈ. ನೀನು ಕಳ್ಸಿದ ಡ್ರಾಫ್ಟ್ ನೋಡಿದೆ: "ಆತ್ಮೀಯ ಅತಿಥಿಗಳೇ, ತಮಗಾದ ಅನಾನುಕೂಲತೆಗೆ ವಿಷಾದಿಸುತ್ತೇವೆ. ಅತಿಥಿಗಳ ಸಂತೃಪ್ತಿಯೇ ನಮ್ಮ ಧ್ಯೇಯ. ಆದಾಗ್ಯೂ ಕೆಲವು ಹಿತಾಸಕ್ತಿಗಳು ನಮ್ಮ ಏಳಿಗೆ ಸಹಿಸದೆ..." ತಂಗಿ, ಈ ಭಾಷೇಲಿ ನಿನ್ನ ಮಾವ ಜನ್ಮದಲ್ಲಿ ಒಂದು ದಿನ ಮಾತಾಡಿದ್ದಾರಾ? ಅನಾನುಕೂಲತೆ ಅಂದ್ರೆ ಯಾವ್ದು, ಹಾಸಿಗೆಯಾ ಉಂಬಳವಾ? ಏನಾಯ್ತು ಅಂತ ಹೆಸರು ಹಿಡಿದು ಹೇಳ್ದೇ ಇರೋ ಕ್ಷಮಾಪಣೆ ಓದಿದೋರಿಗೆ ಕ್ಷಮಾಪಣೆ ಅನ್ಸೂದಿಲ್ಲ. ಆ ಹಿತಾಸಕ್ತಿಗಳು ಅನ್ನೋ ಸಾಲಂತೂ ಒಂಬತ್ತು ರಿವ್ಯೂ ಹಾಕ್ಸಿದೋರ ಬಾಯಲ್ಲಿ ಚೆಂದ ಕಾಣೂದಿಲ್ಲ. ನಾನು ಬರೆಯೋದಾದ್ರೆ ಹೀಗೆ:

"ನಾನು ಈ ಮನೆ ಯಜಮಾನ. ನೀವು ಬರ್ದದ್ದು ಸರಿ. ಜಲಪಾತ ನಮ್ಮಲ್ಲಿಂದ ಒಂದೂವರೆ ಗಂಟೆ ದಾರಿ, ಹತ್ರ ಇದೆ ಅನ್ನೋ ಹಾಗೆ ಫೋಟೋ ಹಾಕಿದ್ದು ನಮ್ಮ ತಪ್ಪು, ಈಗ ತೆಗ್ದಿದ್ದೇವೆ. ಮಳೆಗಾಲದಲ್ಲಿ ಇಲ್ಲಿ ಎರಡು ಮೂರು ದಿನ ಕರೆಂಟ್ ಹೋಗ್ತದೆ, ತೋಟದಲ್ಲಿ ಉಂಬಳ ಇರ್ತದೆ, ಬುಕಿಂಗ್ ಮಾಡೋವಾಗ್ಲೇ ಹೇಳ್ಬೇಕಿತ್ತು, ಇನ್ಮೇಲೆ ಹೇಳ್ತೇವೆ. ಹಾಸಿಗೆ ಬದಲಾಯ್ಸಿದ್ದೇವೆ. ನಿಮ್ಮ ರಿವ್ಯೂ ಆದ್ಮೇಲೆ ಬಂದ ಒಂಬತ್ತು ಹೊಗಳಿಕೆ ನಮ್ಮ ಮನೆ ಕಡೆಯವರೇ ಹಾಕಿದ್ದು, ಅದನ್ನೂ ತೆಗ್ಸಿದ್ದೇವೆ."

ಇಷ್ಟೇ. ಮತ್ತೆ ಬನ್ನಿ ಅಂತ ಕರೀಬೇಡ, ಎಮೋಜಿ ಹಾಕ್ಬೇಡ. ಹಾಸಿಗೆ ಬದಲಾಯ್ಸಿದ್ದೇವೆ ಅನ್ನೋ ಸಾಲು ಹಾಸಿಗೆ ಬದಲಾದ್ಮೇಲೆ ಹಾಕು, ಅದಕ್ಕಿಂತ ಮುಂಚೆ ಹಾಕಿದ್ರೆ ಹತ್ತನೇ ಸುಳ್ಳು. ತಂಡಿಗೆ ಉಪಾಯ ಬೇಕಾದ್ರೆ, ನನ್ನ ಪರಿಚಯದ ಒಬ್ರು ಅಡಕೆ ಡ್ರೈಯರ್ ಮಳೆಗಾಲದಲ್ಲಿ ಖಾಲಿ ಇರ್ತದಲ್ಲ ಅಂತ ಚಾದರ ತಲೆದಿಂಬು ಎಲ್ಲ ಅದ್ರಲ್ಲೇ ಒಣಗಿಸ್ತಾರೆ, ಬೇಕಾದ್ರೆ ರೀಲ್ ಮಾಡು ಅದನ್ನ, ಜಲಪಾತಕ್ಕಿಂತ ಹೆಚ್ಚು ಜನ ನೋಡ್ತಾರೆ. ಉಂಬಳದ್ದೂ ಪೇಜಲ್ಲಿ ರಾಜಾರೋಷವಾಗಿ ಹಾಕು, ಜೂನ್‌ನಿಂದ ಸೆಪ್ಟೆಂಬರ್ ಉಂಬಳ ಇರ್ತದೆ, ಬಾಗಿಲಲ್ಲೇ ಸುಣ್ಣ ತಂಬಾಕಿನ ಡಬ್ಬಿ ಇಟ್ಟಿರ್ತೇವೆ ಅಂತ. ಸುಣ್ಣಕ್ಕೆ ಅಷ್ಟಾದ್ರೂ ಕೆಲ್ಸ ಸಿಕ್ಲಿ. ಉಂಬಳ ಅಂದ್ರೆ ಓಡೋರು ಬರೋದು ಬೇಡ, ಅವ್ರು ಡಿಸೆಂಬರ್‌ಗೆ ಬರ್ಲಿ.

ಬೇಗ ಮಾತಾಡ್ಬೇಕಾ ತಡವಾಗಿ ಮಾತಾಡ್ಬೇಕಾ ಅಂತ ಅಸೈನ್‌ಮೆಂಟಲ್ಲಿ ನಿಂಗೆ ಪ್ರಶ್ನೆ ಬರ್ತದೆ. ಎಲ್ಲ ಟೆಕ್ಸ್ಟ್‌ಬುಕ್ಕಲ್ಲೂ 1982ರ ಟೈಲೆನಾಲ್ ಕತೆ ಇರ್ತದೆ, ಶಿಕಾಗೋ ಕಡೆ ಮಾತ್ರೆಗೆ ಯಾರೋ ಸಯನೈಡ್ ಬೆರೆಸಿ ಏಳು ಜನ ಸತ್ರು, ಜಾನ್ಸನ್ ಆ್ಯಂಡ್ ಜಾನ್ಸನ್ 3 ಕೋಟಿ 10 ಲಕ್ಷ ಬಾಟಲಿ ವಾಪಸ್ ತಗೊಂಡ್ತು ಅಂತ. ಒಳ್ಳೆ ಕತೆನೇ, ಆದ್ರೆ ಅಲ್ಲಿ ವಿಷ ಹಾಕಿದ್ದು ಕಂಪನಿ ಅಲ್ಲ, ತಪ್ಪು ನಮ್ಮದಲ್ಲದಾಗ ದೊಡ್ಡ ಮನಸ್ಸು ಮಾಡೋದು ಸ್ವಲ್ಪ ಸುಲಭ. ನೀನು ಅಮೆರಿಕಕ್ಕೆ ಹೋಗೋದು ಬೇಡ, ಅಂಕೋಲಾ ಶಿರೂರಿಗೆ ಬಾ. 2024ರ ಜುಲೈ 16ರ ಬೆಳಿಗ್ಗೆ ಹೈವೇ 66ರ ಮೇಲೆ ಗುಡ್ಡ ಬಿತ್ತಲ್ಲ, ಆ ವಾರ ನಾನು ಕುಮಟೆಯಲ್ಲೇ ಇದ್ದೆ. ಗಂಗಾವಳಿ ನದಿಗೆ ಯಾರು ಬಿದ್ರು ಎಷ್ಟು ಲಾರಿ ಹೋಯ್ತು ಯಾರಿಗೂ ಗೊತ್ತಿಲ್ಲ, ಗೊತ್ತಿಲ್ದ ಜಾಗ ಖಾಲಿ ಇರೂದಿಲ್ಲ, ವಾಟ್ಸಾಪ್ ಬಂದು ತುಂಬ್ಕೊಂಡ್ತು. ನಂಗೆ ಬಂದ ಒಂದು "ಶಿರೂರು ವಿಡಿಯೋ"ದಲ್ಲಿ ಹಿಂದೆ ದೇವದಾರು ಮರ ಇತ್ತು, ಮೇಲೆ ಹಿಮ ಇತ್ತು! ಅದನ್ನ ನಂಗೆ ಕಳ್ಸಿದೋರು ಅಂಕೋಲೆಯವ್ರೇ. ದೂರದ ಊರಲ್ಲಿ ಗಂಡನೋ ಮಗನೋ ಲಾರಿ ತಗೊಂಡು ಈ ದಾರೀಲಿ ಹೋಗಿದ್ದಾನೆ ಅಂತ ಫೋನ್ ಹಿಡ್ಕೊಂಡು ಕೂತವ್ರು ಅದನ್ನ ನೋಡಿದ್ರೆ ಹೇಗಾಗಬೇಡ. ಅಂಥ ಹೊತ್ತಲ್ಲಿ ಬೇಕಾಗೋದು ಚೆಂದದ ಭಾಷೆ ಅಲ್ಲ, ಇಷ್ಟು ಗೊತ್ತಾಗಿದೆ, ಇಷ್ಟು ಗೊತ್ತಿಲ್ಲ, ಮುಂದಿನ ಮಾಹಿತಿ ಇಷ್ಟು ಗಂಟೆಗೆ ಅಂತ ಹೇಳಿ ಆ ಗಂಟೆಗೆ ಸರಿಯಾಗಿ ಹೇಳೋದು, ಹೊಸ ವಿಷಯ ಏನೂ ಇಲ್ದಿದ್ರೆ ಇಲ್ಲ ಅಂತಲೇ ಹೇಳೋದು.

ಸಣ್ಣ ಉದಾಹರಣೆ ಬೇಕಾದ್ರೆ ಮಳೆ ರಜೆ. ಜಿಲ್ಲಾಧಿಕಾರಿ ರಜೆ ಆದೇಶ ಅಂತ ಹೋದ ವರ್ಷದ್ದಕ್ಕೆ ತಾರೀಕು ತಿದ್ದಿ ಗ್ರೂಪಲ್ಲಿ ಬಿಡೋ ಮಕ್ಕಳು ನಿನ್ನ ಕ್ಲಾಸಲ್ಲೂ ಇದ್ದಿರಬೇಕು, ನೀನೇ ಇರಬಹುದು. ಅದಕ್ಕೆ ಮದ್ದು ಒಂದೇ, ನಿಜವಾದ ಆದೇಶ ಯಾವಾಗ್ಲೂ ಒಂದೇ ಜಾಗದಲ್ಲಿ ಬರ್ಬೇಕು, ಜನ ಅಲ್ಲೇ ಹೋಗಿ ನೋಡೋ ಅಭ್ಯಾಸ ಆಗ್ಬೇಕು. ಅದರ ಕೆಳಗೆ "ಸರ್ ನಾಳೆನೂ ರಜೆ ಕೊಡಿ" ಅನ್ನೋ ಕಾಮೆಂಟ್‌ಗಳ ನಡುವೆ ಯಾರೋ ಒಬ್ರು "ನಮ್ಮೂರ ಹಳ್ಳ ತುಂಬಿದೆ, ಸಂಕದ ಮೇಲೆ ನೀರು" ಅಂತ ಬರ್ದಿರ್ತಾರೆ. ನಾನು ಹೇಳಿದ ಇನ್ನರ್ಧ ಪಿಆರ್ ಅಂದ್ರೆ ಆ ಕಾಮೆಂಟನ್ನ ಓದಿ ಒಳಗೆ ಮುಟ್ಟಿಸೋ ಕೆಲ್ಸ.

ಜನ್ಮಪೂರ್ತಿ ಸುಳ್ಳು ಹೇಳ್ಬೇಕಾ ಅಂದ್ಯಲ್ಲ. ಹೇಳಿ ಅನ್ನೋರು ಸಿಗ್ತಾರೆ, ಮುಚ್ಚಿಡೂದಿಲ್ಲ. ನಮ್ಮ ದೇಶದಲ್ಲಿ ಪಿಆರ್‌ನವರ ಸಂಘ 1958ರಿಂದ ಇದೆ, 1968ರ ಏಪ್ರಿಲ್ 21ಕ್ಕೆ ಡೆಲ್ಲಿ ಸಮ್ಮೇಳನದಲ್ಲಿ ನೀತಿಸಂಹಿತೆನೂ ಒಪ್ಕೊಂಡಿದ್ದಾರೆ, ಆ ದಿನವನ್ನೇ ರಾಷ್ಟ್ರೀಯ ಪಿಆರ್ ದಿನ ಅಂತ ಮಾಡ್ತಾರೆ, ಹಾರ ಗೀರ ಹಾಕ್ತಾರೆ. ಸಂಹಿತೆ ಗೋಡೆ ಮೇಲಿದ್ರೂ "ಇದನ್ನ ನಾನು ಬರೆಯೂದಿಲ್ಲ ಸರ್" ಅನ್ನೋದು ನೀನೇ. ನಾನು ಎರಡು ಸಲ ಅಂದಿದ್ದೇನೆ, ಒಂದು ಸಲ ಅವ್ರು ಬೈದು ಆಮೇಲೆ ಒಪ್ಪಿದ್ರು, ಇನ್ನೊಂದು ಸಲ ಕ್ಲೈಂಟ್ ಹೋಯ್ತು, ಆ ವರ್ಷ ಇನ್‌ಕ್ರಿಮೆಂಟೂ ಹೋಯ್ತು. ಅನ್ಬೇಕಾಗಿದ್ದು ಅನ್ದೇ ಉಳಿದದ್ದೂ ಒಂದೆರಡಿದೆ, ಅದನ್ನ ಇಲ್ಲಿ ಬರೆಯೂದಿಲ್ಲ.

ಫಾಲೋವರ್ಸ್ ವಿಷಯ ಬೇಗ ಮುಗಿಸ್ತೇನೆ. ಇನ್‌ಫ್ಲುಯೆನ್ಸರ್ ಆಗ್ಲಿಕ್ಕೆ ಫಾಲೋವರ್ಸ್ ಬೇಕು, ಪಿಆರ್‌ಗೆ ಬೇಡ. ನಾನು ಇಂಟರ್ವ್ಯೂ ಮಾಡೋವಾಗ ಕೊಡೋದು ಒಂದೇ ಟೆಸ್ಟು, ಒಂದು ಉದ್ದ ದೂರು ಕೊಟ್ಟು ಇದ್ರಲ್ಲಿ ನಿಜ ಎಷ್ಟು ಅಂತ ಹುಡುಕಿ ನಾಲ್ಕು ಸಾಲು ಕನ್ನಡದಲ್ಲಿ ಬರೀರಿ ಅಂತ, ಹತ್ರಲ್ಲಿ ಎಂಟು ಜನ ಅಲ್ಲೇ ಬೀಳ್ತಾರೆ. ಕೆಲ್ಸಕ್ಕೆ ಬೆಂಗಳೂರೇ ಆಗ್ಬೇಕು ಅಂತಿಲ್ಲ ಆದ್ರೆ ಮೊದಲ ಮೂರು ನಾಲ್ಕು ವರ್ಷ ಅಲ್ಲಿದ್ರೆ ಕೈ ಪಳಗ್ತದೆ, ಸಂಬಳವೂ ಇಲ್ಲಿಗಿಂತ ಜಾಸ್ತಿ, ಸುಳ್ಳು ಯಾಕೆ ಹೇಳ್ಲಿ. ಇಲ್ಲೇ ಇರ್ತೇನೆ ಅಂದ್ರೆ ಸೊಸೈಟಿಗಳು, ಆಸ್ಪತ್ರೆಗಳು, ಹೋಮ್‌ಸ್ಟೇ ರೆಸಾರ್ಟ್‌ನವ್ರಿಗೆಲ್ಲ ಈಗ ಬರೆಯೋರು ಬೇಕು, ಆದ್ರೆ ಆ ಕೆಲ್ಸಕ್ಕೆ ಪಿಆರ್ ಅಂತ ಹೆಸರಿಡೂದಿಲ್ಲ, "ಆ ಕಂಪ್ಯೂಟರ್ ನೋಡ್ಕೊಳ್ಳೋ ಹುಡುಗಿ" ಅಂತಾರೆ. ಸರ್ಕಾರದಲ್ಲಿ ವಾರ್ತಾ ಇಲಾಖೆ ಇದೆ, ನೇಮಕಾತಿ ಕರೆಯೋದನ್ನ ಕಾಯ್ತಾ ಕೂತ್ಕೋಬೇಡ, ಕರೆದಾಗ ಅರ್ಜಿ ಹಾಕು. ಧಾರವಾಡದಲ್ಲಿ ಜರ್ನಲಿಸಂ ಎಂಎ ಮಾಡೋ ಯೋಚನೆ ಇದ್ರೆ ಮಾಡು, ಅದಕ್ಕಿಂತ ಮುಂಚೆ ಒಂದು ರಜೇಲಿ ಯಾವ್ದಾದ್ರೂ ಲೋಕಲ್ ಪೇಪರ್ ಆಫೀಸಲ್ಲಿ ಎರಡು ತಿಂಗ್ಳು ಕೂರು, ದಿನಕ್ಕೆ ನಲವತ್ತು ಪ್ರೆಸ್ ನೋಟ್ ಬಂದು ಮೂವತ್ತೈದು ಕಸದಬುಟ್ಟಿಗೆ ಹೋಗೋದನ್ನ ಕಣ್ಣಾರೆ ನೋಡು.

ಅಸೈನ್‌ಮೆಂಟಿಗೆ ಊರಿನ ಉದಾಹರಣೆ ಬೇಕಾದ್ರೆ ಸಾಲ್ಕಣಿ ದೂರ ಇಲ್ಲ ನಿಂಗೆ. 1983ರ ಸೆಪ್ಟೆಂಬರ್‌ನಲ್ಲಿ ಅಲ್ಲಿಯ ಜನ ಮರ ಅಪ್ಕೊಂಡು ಕಡಿಯೋದನ್ನ ನಿಲ್ಸಿದ್ರಲ್ಲ, ಅಪ್ಪಿಕೋ, ಅದು ಹಬ್ಬಿದ್ದು ಪಾದಯಾತ್ರೆಯಿಂದ, ಬೀದಿನಾಟಕದಿಂದ, ಊರೂರಲ್ಲಿ ಸ್ಲೈಡ್ ತೋರ್ಸಿ. ಆವಾಗ ಇದ್ದೋರು ಇವತ್ತೂ ಊರಲ್ಲಿ ಸಿಗ್ತಾರೆ, ಒಂದು ಭಾನುವಾರ ಹೋಗಿ ಕೂತು ಕೇಳು, ಏನು ಹೇಳಿದಾಗ ಜನ ಬಂದ್ರು, ಏನು ಹೇಳಿದಾಗ ಬರ್ಲಿಲ್ಲ ಅಂತ. ಇಂಟರ್ನೆಟ್ಟಿಂದ ಎತ್ತಿ ಹಾಕಿದ ಹತ್ತು ಪುಟಕ್ಕಿಂತ ನಿನ್ನ ಮೇಷ್ಟ್ರು ಅದನ್ನ ಖುಷಿಯಿಂದ ಓದ್ತಾರೆ.

ಆ ಸುಣ್ಣದ ಸಾಲನ್ನ ಹೊಡೆದು ಹಾಕ್ಬೇಡ, ಹಾಗೇ ಇಟ್ಟು ಅದರ ಕೆಳಗೆ ಒಂಬತ್ತು ರಿವ್ಯೂ ಕತೆ ಬರಿ, ಹೆಸರಿಲ್ದೇ. ಮಾವನ ಹತ್ರ ಮಾತಾಡೋಕೆ ಹೆದರಿಕೆ ಆದ್ರೆ ನನ್ನ ಮೇಲೆ ಹಾಕು, ಕುಮಟೆ ಅಕ್ಕ ಹೀಗೆ ಹೇಳಿದ್ರು ಅನ್ನು. ಊಟ ಆದ್ಮೇಲೆ ಕವಳ ಹಾಕ್ಕೊಂಡು ಕೂತಾಗ ಹೇಳು, ಅಡಕೆ ರೇಟ್ ಬಿದ್ದ ದಿನ ಮಾತ್ರ ಬೇಡ.